ಗ್ರಿಲ್‌ನ ತುಳಸಿಗೆ ಹುಳ ಬಾರದಿರಲಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ನಮ್ಮವರಿಗೆ ಅಂಗಳವೆಂದರೆ ಕಿಟಕಿಯ ಗ್ರಿಲ್. ಅಲ್ಲೇ ತುಳಸಿ, ಅಲ್ಲೇ ಊರಿಂದ ತಂದ ಕರಿಬೇವು. ಜೂನ್‌ನಲ್ಲಿ ಮಳೆ ಹಿಡಿಯಿತೆಂದು ಕುಂಡ ಒಳಗೆ ತಂದಿರೋ, ಕೆಲವೇ ದಿನಗಳಲ್ಲಿ ಟ್ಯೂಬ್‌ಲೈಟಿನ ಸುತ್ತ ಸಣ್ಣ ಕಪ್ಪು ನೊಣಗಳು! ಅವುಗಳ ತವರು ಕುಂಡದ ಒದ್ದೆ ಮೇಲ್ಮಣ್ಣೇ. ಮೊಟ್ಟೆಯಿಡುವುದೂ ಅಲ್ಲೇ, ಮರಿಹುಳು ಎಳೆಬೇರು ತಿನ್ನುವುದೂ ಅಲ್ಲೇ. ಔಷಧಿ ಹುಡುಕುವ ಮುಂಚೆ ನೀರಿನ ಕೈ ಹಿಡಿಯಿರಿ. ಮಣ್ಣಿಗೆ ಬೆರಳನ್ನು ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ತುಳಸಿಗೆ ದಿನಾ ನೀರೆರೆಯುವ ಅಜ್ಜಿಯಂದಿರೇ, ಮಳೆಗಾಲದಲ್ಲಿ ಒಂದು ಉದ್ಧರಣೆ ಸಾಕು, ಪುಣ್ಯವೇನೂ ಕಡಿಮೆಯಾಗದು!

ಹೊಸ ಮಣ್ಣು ಬೇಕಿದ್ದರೆ ಏಪ್ರಿಲ್ ಕೊನೆಗೇ ತನ್ನಿ. ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ಹರಡಿ, ಬಾಯಿ ಕಟ್ಟಿ, ಸೊಸೈಟಿಯ ಟೆರೇಸಿನ ಬಿಸಿಲಲ್ಲಿ ನಾಲ್ಕು ವಾರ ಬಿಡಿ. ಆ ಕಾವಿಗೆ ಹುಳು, ಮೊಟ್ಟೆ ಬಹುಪಾಲು ಸಾಯುತ್ತವೆ. ಆಮೇಲೆ ಸ್ವಲ್ಪ ಬೇವಿನ ಹಿಂಡಿ ಬೆರೆಸಿ.

ಎಲೆಯಡಿ ಬಿಳಿ ಹಿಟ್ಟುತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ಬಿಸಿಲಿಗೆ ಬೇವಿನ ಗುಣ ಹೋಗುತ್ತದೆ. ಹುಳಿಗೆ ಹಾಕುವ ಸೊಪ್ಪಿಗೆ ಅಂಗಡಿಯ ವಿಷ ಬೇಡವೇ ಬೇಡ.

ಕುಂಡದಡಿಯ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ತಟ್ಟೆ ಉಜ್ಜಿಡಿ. ಡೆಂಗಿ ಸೊಳ್ಳೆ ಹುಡುಕುವುದು ಅಂಥ ಜಾಗವನ್ನೇ.