ಸ್ಟೇರಿಂಗ್ ಟೈಟ್ ಆಯ್ತು ಅಂದ್ರೆ ಪಂಪೇ ಹೋಯ್ತು ಅಂತಲ್ಲ

ಇವತ್ತು ಲಾರಿ ವಿಷಯ. ಕಾರಿನ ರಿವ್ಯೂ ಮಾಡೋಕೆ ಯೂಟ್ಯೂಬ್ ತುಂಬಾ ಜನ ಇದ್ದಾರೆ. ಹದಿನೈದು ವರ್ಷ ಓಡಿದ ಆರು ಚಕ್ರದ ಲಾರಿಗೆ ಏನಾಗಿದೆ ಅಂತ ಕನ್ನಡದಲ್ಲಿ ನಿಧಾನಕ್ಕೆ ಹೇಳೋರು ಕಡಿಮೆ. ಹೋದ ವಾರ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. 'ಅಣ್ಣಾ, ನಮ್ಮಪ್ಪಂದು ಒಂದೇ ಲಾರಿ. ನಿಧಾನಕ್ಕೆ ಹೋಗುವಾಗ ಸ್ಟೇರಿಂಗ್ ಟೈಟ್ ಆಗುತ್ತೆ, ತಿರುಗಿಸಿದ್ರೆ ಕುಂಯ್ ಅಂತ ಸದ್ದು ಬರುತ್ತೆ. ಗ್ಯಾರೇಜಲ್ಲಿ ಪಂಪು, ಬಾಕ್ಸು ಎರಡೂ ಬದಲಾಯಿಸಬೇಕು ಅಂದಿದಾರೆ. ಹೌದಾ?'

ಈ 'ಹೌದಾ' ಅನ್ನೋ ಪ್ರಶ್ನೆಗೋಸ್ಕರವೇ ಈ ಎಪಿಸೋಡ್. ಒಂದೇ ಲಾರಿ ಇರೋ ಮನೆಯಲ್ಲಿ ಗಾಡಿ ನಿಂತ ದಿನ ದುಡಿಮೆಯೂ ನಿಂತ ಹಾಗೆ. ಕಂತು ಮಾತ್ರ ನಿಲ್ಲಲ್ಲ. ಹಾಗಂತ ಸ್ಟೇರಿಂಗ್ ದೋಷ ಇಟ್ಕೊಂಡೇ ಲೋಡ್ ಹೊಡೆಯೋದೂ ಆಗದ ಮಾತು. ಆದ್ದರಿಂದ ಪಾರ್ಟ್ ಬದಲಾಯಿಸೋಕೆ ಮುಂಚೆ ದೋಷ ಎಲ್ಲಿದೆ ಅಂತ ಹುಡುಕೋದು ಮುಖ್ಯ. ಕಾಮರ್ಸ್ ಓದಿದವನ ಭಾಷೆಯಲ್ಲಿ ಹೇಳೋದಾದ್ರೆ, ಖರ್ಚಿಲ್ಲದ ಪರೀಕ್ಷೆ ಮೊದಲು, ದುಡ್ಡಿನ ಪರೀಕ್ಷೆ ಆಮೇಲೆ, ಪಾರ್ಟ್ ಖರೀದಿ ಎಲ್ಲಕ್ಕಿಂತ ಕೊನೆಗೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಅಮೆರಿಕದ ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್ ಅನ್ನೋ ಎಂಜಿನಿಯರ್ 1926ರಲ್ಲಿ ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಅಳವಡಿಸಿದ ಕಾರನ್ನು ಓಡಿಸಿ ತೋರಿಸಿದರು. ಮಾರಾಟದ ಕಾರಿಗೆ ಅದು ಬಂದಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಜೊತೆ. ಭಾರದ ಟ್ರಕ್ ತಿರುಗಿಸುವ ಕಷ್ಟ ನೋಡಿದವರಿಗೇ ಈ ಯೋಚನೆ ಹೊಳೆದಿದ್ದು ಅನ್ನೋದು ಗಮನಿಸಬೇಕಾದ ವಿಷಯ.

ನಮ್ಮ ಹಳೇ ಲಾರಿಗಳಲ್ಲಿ ಇರೋದೂ ಮೂಲದಲ್ಲಿ ಅದೇ ಯೋಚನೆ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತೆ. ಪಂಪ್ ಡಬ್ಬಿಯಿಂದ ಆಯಿಲ್ ಎಳೆದು, ಒತ್ತಡದಲ್ಲಿ ಸ್ಟೇರಿಂಗ್ ಬಾಕ್ಸ್‌ಗೆ ಕಳಿಸುತ್ತೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಬಾಕ್ಸ್ ಒಳಗಿನ ವಾಲ್ವ್ ಆಯಿಲನ್ನು ಪಿಸ್ಟನ್‌ನ ಒಂದು ಪಕ್ಕಕ್ಕೆ ಬಿಡುತ್ತೆ. ಪಿಸ್ಟನ್ ಸರಿದಾಗ ಡ್ರಾಪ್ ಆರ್ಮ್ ತಿರುಗಿ, ಡ್ರ್ಯಾಗ್ ಲಿಂಕ್ ತಳ್ಳಿ, ಒಂದು ಚಕ್ರವನ್ನು ಹೊರಳಿಸುತ್ತೆ. ಟೈ ರಾಡ್ ಮೂಲಕ ಇನ್ನೊಂದು ಚಕ್ರವೂ ಹೊರಳುತ್ತೆ. ಕೆಲಸ ಮುಗಿದ ಆಯಿಲ್ ವಾಪಸ್ ಡಬ್ಬಿಗೆ.

ಇಲ್ಲಿ ಒಂದು ಮಾತು ನೆನಪಿಟ್ಕೊಳ್ಳಿ. ಪಂಪ್ ನಿಂತರೂ ಸ್ಟೇರಿಂಗ್ ಮತ್ತು ಚಕ್ರದ ಮಧ್ಯೆ ಕಬ್ಬಿಣದ ಸಂಬಂಧ ಹಾಗೇ ಇರುತ್ತೆ. ಚಕ್ರ ತಿರುಗುತ್ತೆ, ಆದರೆ ಲೋಡ್ ಲಾರಿಯಲ್ಲಿ ಅದಕ್ಕೆ ಇಡೀ ಮೈ ಬಲ ಹಾಕಬೇಕು. ಶಿರಾಡಿ ಘಾಟಿಯಲ್ಲೋ, ಯಲ್ಲಾಪುರದಿಂದ ಅಂಕೋಲಕ್ಕೆ ಇಳಿಯೋ ಅರಬೈಲ್ ಘಾಟಿಯಲ್ಲೋ ಡೀಸೆಲ್ ಉಳಿಸೋಕೆ ಅಂತ ಎಂಜಿನ್ ಆಫ್ ಮಾಡಿ ಗಾಡಿ ಬಿಡೋರಿಗೆ ಇದು ಹೇಳಲೇಬೇಕು. ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಇಲ್ಲ, ಬ್ರೇಕ್‌ಗೆ ಗಾಳಿ ತುಂಬೋ ಕಂಪ್ರೆಸರ್ ಇಲ್ಲ, ಎಂಜಿನ್ ಹಿಡಿತವೂ ಇಲ್ಲ. ಉಳಿಯೋ ಡೀಸೆಲ್ ಎಷ್ಟು, ಪಣಕ್ಕಿಡೋದು ಏನು ಅಂತ ನೀವೇ ಲೆಕ್ಕ ಹಾಕಿ.

ಈಗ ಹುಡುಕೋ ಕೆಲಸ. ಕೈಗೆ ಸ್ಪ್ಯಾನರ್ ತಗೊಳ್ಳೋಕೆ ಮೊದಲು ಡ್ರೈವರ್ ಹತ್ತಿರ ಕೂತು ನಾಲ್ಕು ಪ್ರಶ್ನೆ ಕೇಳಿ. ಎರಡೂ ಕಡೆ ಭಾರವೋ, ಒಂದೇ ಕಡೆಯೋ? ಯಾವಾಗಲೂ ಭಾರವೋ, ಎಂಜಿನ್ ನಿಧಾನ ಇದ್ದಾಗ ಮಾತ್ರವೋ? ಸದ್ದು ಇದೆಯಾ? ಆಯಿಲ್ ಪದೇ ಪದೇ ಹಾಕಬೇಕಾ? ಈ ನಾಲ್ಕು ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಅಪ್ಪನಿಗಿಂತ ಚೆನ್ನಾಗಿ ಆ ಲಾರಿ ಬಗ್ಗೆ ಹೇಳೋ ಮೆಕ್ಯಾನಿಕ್ ಯಾರೂ ಇಲ್ಲ, ಯಾಕಂದ್ರೆ ದಿನಾ ಆ ಸ್ಟೇರಿಂಗ್ ಹಿಡಿಯೋದು ಅವರೇ.

ಮೊದಲನೇ ಹಂತ, ಆಯಿಲ್‌ಗೆ ಸಂಬಂಧವೇ ಇಲ್ಲದ ಕಾರಣಗಳು. ಮುಂದಿನ ಟೈರಲ್ಲಿ ಗಾಳಿ ಕಡಿಮೆ ಇದ್ದರೆ ಸ್ಟೇರಿಂಗ್ ಭಾರ ಆಗುತ್ತೆ. ಲೋಡ್ ಮುಂದಕ್ಕೆ ಜಾಸ್ತಿ ಬಿದ್ದಿದ್ದರೂ ಆಗುತ್ತೆ. ಕಿಂಗ್ ಪಿನ್‌ಗೆ ಗ್ರೀಸ್ ಹೊಡೆದು ಎಷ್ಟು ದಿನ ಆಯ್ತು ಕೇಳಿ. ಇವು ಯಾವುದೂ ಅಲ್ಲ ಅಂದ್ರೆ, ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಮರದ ತುಂಡು ಕೊಟ್ಟು, ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿಕೊಂಡು ಗಾಡಿ ಅಡಿ ಹೋಗಬೇಡಿ. ಆಮೇಲೆ ಡ್ರ್ಯಾಗ್ ಲಿಂಕ್ ಒಂದು ತುದಿ ಬಿಚ್ಚಿ, ಚಕ್ರವನ್ನು ಕೈಯಲ್ಲಿ ಹೊರಳಿಸಿ ನೋಡಿ. ಹೊರಳೋಕೆ ಹಟ ಮಾಡಿದರೆ ದೋಷ ಕಿಂಗ್ ಪಿನ್ ಕಡೆ ಇದೆ. ಪಂಪು, ಬಾಕ್ಸು ಎರಡೂ ಹೊಸದು ಹಾಕಿದರೂ ಅದು ಹೋಗಲ್ಲ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರದೇ ಇರೋದಕ್ಕೂ ಈ ಕಿಂಗ್ ಪಿನ್ ಹಿಡಿತ ಒಂದು ದೊಡ್ಡ ಕಾರಣ. ಲಿಂಕ್ ವಾಪಸ್ ಹಾಕುವಾಗ ನಟ್ ಸರಿಯಾಗಿ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿಸಿ. ಹಳೇ ಪಿನ್ ಬಗ್ಗಿಸಿ ಮತ್ತೆ ಹಾಕೋದು ಬೇಡ.

ಎರಡನೇ ಹಂತ, ಆಯಿಲ್. ಡಬ್ಬಿಯ ಸುತ್ತ ಒರೆಸಿ ಮುಚ್ಚಳ ತೆಗೀರಿ, ಮಣ್ಣು ಒಳಗೆ ಬೀಳಬಾರದು. ಮಟ್ಟ ಸರಿ ಇದೆಯಾ? ಸುಟ್ಟ ವಾಸನೆ ಬರ್ತಿದೆಯಾ? ನೊರೆ ಇದೆಯಾ? ನೊರೆ ಅಂದ್ರೆ ಗಾಳಿ ಸೇರಿದೆ. ಹಾಲು ಬೆರೆಸಿದ ಹಾಗೆ ಕಂಡರೆ ಗಾಳಿಯೋ ನೀರೋ ಇದೆ. ಇನ್ನೊಂದು ಸುಲಭ ಪರೀಕ್ಷೆ ಇದೆ. ಎಂಜಿನ್ ಓಡುವಾಗ ಆಯಿಲ್ ಮಟ್ಟ ನೋಡಿಕೊಳ್ಳಿ, ಆಫ್ ಮಾಡಿ ಮತ್ತೆ ನೋಡಿ. ಸಾಮಾನ್ಯವಾಗಿ 1ರಿಂದ 2 ಸೆಂಟಿಮೀಟರ್ ಏರಬಹುದು. ಅದಕ್ಕಿಂತ ಜಾಸ್ತಿ ಏರಿದರೆ ಪೈಪುಗಳ ಒಳಗೆ ಗಾಳಿ ಇದೆ. ಆಯಿಲಾದರೆ ಒತ್ತಡದಲ್ಲಿ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಎಂಜಿನ್ ನಿಂತ ತಕ್ಷಣ ಆ ಗಾಳಿ ಹಿಗ್ಗಿ ಆಯಿಲನ್ನು ಡಬ್ಬಿಗೆ ತಳ್ಳುತ್ತೆ.

ಗಾಳಿ ಎಲ್ಲಿಂದ ಬರುತ್ತೆ? ಇಲ್ಲೇ ಬಹಳ ಜನ ಎಡವೋದು. ಡಬ್ಬಿಯಿಂದ ಪಂಪ್‌ಗೆ ಹೋಗೋ ಪೈಪಲ್ಲಿ ಪಂಪ್ ಆಯಿಲನ್ನು ಎಳೀತಾ ಇರುತ್ತೆ. ಅಲ್ಲಿ ಕ್ಲಾಂಪ್ ಸಡಿಲ ಇದ್ದರೆ ಗಾಡಿ ಓಡುವಾಗ ಆಯಿಲ್ ಹೊರಗೆ ಸೋರಲ್ಲ, ಬದಲಿಗೆ ಗಾಳಿ ಒಳಗೆ ಹೋಗುತ್ತೆ. ಆದ್ದರಿಂದ 'ಎಲ್ಲೂ ಲೀಕ್ ಇಲ್ವಲ್ಲ' ಅನ್ನೋ ಮಾತು ಸಾಕ್ಷಿ ಆಗಲ್ಲ. ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಒಳಗೇ ಅಂಟಿಕೊಂಡಿದ್ದರೂ, ಡಬ್ಬಿಯ ಫಿಲ್ಟರ್ ಕಟ್ಟಿಕೊಂಡಿದ್ದರೂ ಪಂಪ್‌ಗೆ ಬೇಕಾದಷ್ಟು ಆಯಿಲ್ ಸಿಗದೇ ಹೋಗಬಹುದು. ಆಗ ಪಂಪ್ ಅರಚುತ್ತೆ. ಸ್ಟ್ರಾ ಹಿಂಡಿ ಹಿಡಿದು ಎಳನೀರು ಎಳೆದರೆ ಹೇಗೆ ಸದ್ದು ಬರುತ್ತೋ ಹಾಗೆ.

ವಾಯ್ಸ್ ನೋಟ್ ಕಳಿಸಿದ ತಮ್ಮನಿಗೆ ಇಲ್ಲೇ ಉತ್ತರ ಹೇಳ್ತೀನಿ. ಕುಂಯ್ ಸದ್ದು, ನಿಧಾನದಲ್ಲಿ ಭಾರ, ಎರಡೂ ಒಟ್ಟಿಗೆ ಇದೆ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಆಯಿಲ್ ಮಟ್ಟ, ಫಿಲ್ಟರ್, ಈ ಎಳೆಯೋ ಪೈಪು, ಮತ್ತೆ ಪಂಪ್ ಬೆಲ್ಟಲ್ಲಿ ಓಡೋದಾದರೆ ಬೆಲ್ಟು. ಇವೆಲ್ಲ ಸರಿ ಇದ್ದ ಮೇಲೂ, ಎಂಜಿನ್ ರೇಸ್ ಮಾಡಿದರೆ ಹಗುರ, ಬಿಟ್ಟರೆ ಭಾರ ಅಂತ ಆದರೆ ಆಗ ಪಂಪ್ ಸವೆದಿದೆ ಅನ್ನೋ ಮಾತಿಗೆ ತೂಕ ಬರುತ್ತೆ. ಪೈಪಿನ ದೋಷ ಹಾಗೇ ಬಿಟ್ಟು ಹೊಸ ಪಂಪ್ ಹಾಕಿದರೆ, ಆ ಗಾಳಿ ಹೊಸ ಪಂಪನ್ನೂ ತಿನ್ನುತ್ತೆ.

ಭಾರ ಒಂದೇ ಕಡೆ ಇದ್ದರೆ ಕಥೆ ಬೇರೆ. ಎರಡೂ ಕಡೆಗೆ ಆಯಿಲ್ ಕೊಡೋದು ಅದೇ ಪಂಪು. ಒಂದು ಕಡೆ ಹಗುರ ಇದೆ ಅಂದ್ರೆ ಪಂಪ್ ಕೆಲಸ ಮಾಡ್ತಿದೆ ಅಂತಾಯ್ತು. ಆಗ ನೋಡಬೇಕಾದ್ದು ಬಾಕ್ಸ್ ಒಳಗಿನ ಸೀಲ್, ವಾಲ್ವ್. ಆದರೆ ಸ್ಟೇರಿಂಗ್ ಪೂರ್ತಿ ಲಾಕ್ ಹತ್ತಿರ ಬಂದಾಗ ಭಾರ ಆಗೋದು ಕೆಲವು ಬಾಕ್ಸ್‌ಗಳಲ್ಲಿ ಸಹಜ. ಲಿಂಕ್‌ಗಳ ಮೇಲೆ ಜೋರು ಬೀಳದಿರಲಿ ಅಂತ ಅಲ್ಲಿ ಒತ್ತಡ ಇಳಿಸೋ ವಾಲ್ವ್ ಇಟ್ಟಿರ್ತಾರೆ. ಅದನ್ನು ದೋಷ ಅಂದುಕೊಳ್ಳಬೇಡಿ.

ಮೂರನೇ ಹಂತ, ಪ್ಲೇ. ಇದಕ್ಕೆ ಇಬ್ಬರು ಬೇಕು. ಎಂಜಿನ್ ಸ್ಟಾರ್ಟ್ ಇರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಲಿ. ಇನ್ನೊಬ್ಬರು ಚಕ್ರದ ದಾರಿಯಿಂದ ಪಕ್ಕಕ್ಕೆ ನಿಂತು, ಕೈ ಹಾಕದೆ ಟಾರ್ಚ್ ಬಿಟ್ಟು ನೋಡಲಿ. ಮೊದಲು ಸ್ಟೇರಿಂಗ್ ಕೆಳಗಿನ ಜಾಯಿಂಟ್, ಆಮೇಲೆ ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್ ಎಂಡ್, ಟೈ ರಾಡ್ ಎಂಡ್. ಅಲುಗಾಟ ಎಲ್ಲಿ ತನಕ ಬಂದು ಎಲ್ಲಿ ನಿಲ್ಲುತ್ತೋ ಅಲ್ಲೇ ಸವೆತ ಇದೆ. ಬಾಕ್ಸನ್ನು ಚಾಸಿಗೆ ಹಿಡಿದಿರೋ ಬೋಲ್ಟ್‌ಗಳನ್ನೂ ನೋಡಿ. ಬಾಕ್ಸೇ ಅಲುಗಾಡಿದರೆ ಒಳಗೆ ಎಷ್ಟು ಅಡ್ಜಸ್ಟ್ ಮಾಡಿದರೂ ಪ್ರಯೋಜನ ಇಲ್ಲ. ಪ್ಲೇ ಕಡಿಮೆ ಮಾಡೋಕೆ ಅಂತ ಬಾಕ್ಸ್ ಮೇಲಿನ ಅಡ್ಜಸ್ಟ್ ಸ್ಕ್ರೂ ಬಿಗಿಯೋ ಅಭ್ಯಾಸ ಕೆಲವು ಕಡೆ ಇದೆ. ಸವೆತ ಲಿಂಕಲ್ಲಿ ಇದ್ದು ಸ್ಕ್ರೂ ಬಿಗಿದರೆ, ಪ್ಲೇ ಹಾಗೇ ಇರುತ್ತೆ, ಜೊತೆಗೆ ಬಾಕ್ಸ್ ಹಿಡಿದುಕೊಳ್ಳುತ್ತೆ.

ಕಾನೂನಲ್ಲೂ ಇದಕ್ಕೆ ಲೆಕ್ಕ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟೇರಿಂಗ್‌ನಲ್ಲಿ ಪ್ಲೇ 30 ಡಿಗ್ರಿ ಮೀರಬಾರದು, ಲಿಂಕ್‌ಗಳ ಬಾಲ್ ಜಾಯಿಂಟ್‌ಗೆ ರಬ್ಬರ್ ಕ್ಯಾಪ್ ಇರಬೇಕು. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕಲ್ಲ, ಆ ಹೊತ್ತಿಗೆ ಮಾತ್ರ ಸರಿ ಮಾಡಿಸೋ ವಿಷಯ ಇದಲ್ಲ. 30 ಡಿಗ್ರಿ ಅನ್ನೋದು ಮೀರಬಾರದ ಗಡಿ. ಪ್ಲೇ ದಿನದಿನಕ್ಕೆ ಜಾಸ್ತಿ ಆಗ್ತಿದ್ದರೆ ಅಲ್ಲಿ ತನಕ ಕಾಯಬೇಡಿ.

ನಾಲ್ಕನೇ ಹಂತ, ಪ್ರೆಶರ್ ಗೇಜ್. ಇದು ಮನೇಲಿ ಮಾಡೋದಲ್ಲ, ಗೊತ್ತಿರೋ ಮೆಕ್ಯಾನಿಕ್ ಮಾಡಬೇಕು. ಆದರೆ ಏನು ಕೇಳಬೇಕು ಅಂತ ನಿಮಗೆ ಗೊತ್ತಿರಲಿ. ಪಂಪ್ ಮತ್ತು ಬಾಕ್ಸ್ ನಡುವೆ ಗೇಜು, ಅದರ ಮುಂದೆ ಒಂದು ವಾಲ್ವ್ ಹಾಕ್ತಾರೆ. ವಾಲ್ವನ್ನು ಕೆಲವೇ ಸೆಕೆಂಡು ಮುಚ್ಚಿದಾಗ, ಆ ಪಂಪ್‌ಗೆ ಕಂಪನಿ ಹೇಳಿದಷ್ಟು ಒತ್ತಡ ಬಂದರೆ ಒತ್ತಡದ ಮಟ್ಟಿಗೆ ಪಂಪ್ ಪಾಸ್. ಬರದಿದ್ದರೆ ಪಂಪೋ ಅದರ ರಿಲೀಫ್ ವಾಲ್ವೋ ಫೇಲ್. ವಾಲ್ವ್ ಮುಚ್ಚಿದಾಗ ಒತ್ತಡ ಬಂದು, ತೆರೆದು ಸ್ಟೇರಿಂಗ್ ಒತ್ತಿ ಹಿಡಿದಾಗ ಬರದಿದ್ದರೆ ಬಾಕ್ಸ್ ಒಳಗೆ ಆಯಿಲ್ ದಾಟಿ ಹೋಗ್ತಿದೆ. ಪಂಪೋ ಬಾಕ್ಸೋ ಅನ್ನೋ ಜಗಳ ಈ ಒಂದು ಗೇಜಲ್ಲಿ ಬಹುಮಟ್ಟಿಗೆ ತೀರುತ್ತೆ. 'ಎರಡೂ ಬದಲಾಯಿಸಿ' ಅಂದವರಿಗೆ, 'ಗೇಜ್ ಹಾಕಿ ನೋಡಿದ್ರಾ ಅಣ್ಣ, ಎಷ್ಟು ಬಂತು?' ಅಂತ ಮರ್ಯಾದೆಯಿಂದ ಕೇಳಿ. ನೋಡಿದವರು ಅಂಕಿ ಹೇಳ್ತಾರೆ.

ಕೊನೆಗೆ ಕೆಲವು ಎಚ್ಚರಿಕೆ. ಎಂಜಿನ್ ಓಡುವಾಗ ಒತ್ತಡದ ಪೈಪ್ ಮೇಲೆ ಕೈ ಆಡಿಸಿ ಲೀಕ್ ಹುಡುಕಬೇಡಿ. ಸೂಜಿಯಷ್ಟು ತೂತಿಂದ ಬರೋ ಆಯಿಲ್ ಚರ್ಮದೊಳಗೆ ಹೋಗುತ್ತೆ. ರಟ್ಟು ಹಿಡಿದು ನೋಡಿ. ಹಾಗೇನಾದರೂ ಚರ್ಮಕ್ಕೆ ಹೊಕ್ಕರೆ ಗಾಯ ಚಿಕ್ಕದು ಅಂತ ಬಿಡದೆ ಆಗಲೇ ಆಸ್ಪತ್ರೆಗೆ ಹೋಗಿ. ಸ್ಟೇರಿಂಗನ್ನು ಪೂರ್ತಿ ಲಾಕ್‌ನಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಡಿ, ಆಯಿಲ್ ಕಾದು ಪಂಪ್ ಹಾಳಾಗುತ್ತೆ. ಆಯಿಲ್ ಯಾವುದು ಅಂತ ಗಾಡಿಯ ಪುಸ್ತಕ ನೋಡಿ ಹಾಕಿ, ಕೈಗೆ ಸಿಕ್ಕಿದ್ದು ಬೆರೆಸಬೇಡಿ. ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್‌ಗಳಲ್ಲಿ ಕಣ್ಣಿಗೆ ಕಾಣೋಷ್ಟು ಆಟ ಇದ್ದರೆ, ಬಾಡಿಗೆ ಎಷ್ಟೇ ಒಳ್ಳೇದಿರಲಿ, ಆ ಟ್ರಿಪ್ ಬೇಡ.

ಗ್ರೀಸು, ಫಿಲ್ಟರು, ಕ್ಲಾಂಪು, ಪೈಪು, ಆಮೇಲೆ ಗೇಜು, ಅದೂ ಆದ ಮೇಲೆ ಪಂಪು ಅಥವಾ ಬಾಕ್ಸು. ಈ ಕ್ರಮ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಹತ್ತಿರ ಅಂಟಿಸಿ. ಮನೇಲಿ ಲಾರಿ ಇರೋ ಗೆಳೆಯರಿದ್ದರೆ ಈ ಎಪಿಸೋಡ್ ಅವರಿಗೆ ಕಳಿಸಿ. ನಿಮ್ಮ ಗಾಡಿಯ ಲಕ್ಷಣ ಬೇರೆ ಇದ್ದರೆ ವಾಯ್ಸ್ ನೋಟ್ ಹಾಕಿ, ಆದರೆ ಆ ನಾಲ್ಕು ಪ್ರಶ್ನೆಗೆ ಉತ್ತರ ಸೇರಿಸಿ ಹಾಕಿ. ಮುಂದಿನ ವಾರ ಏರ್ ಬ್ರೇಕ್ ಬಗ್ಗೆ ಮಾತಾಡೋಣ. ಹುಷಾರಾಗಿ ಓಡಿಸಿ.