ಆಪ್ತಸಲಹೆಗೆ ಮುನ್ನ ತಿಳಿದಿರಬೇಕಾದುದು



ಪುಣೆಯಲ್ಲಿ ಕನ್ನಡ ಹೊಸದಲ್ಲ. ತಲೆಮಾರುಗಳಿಂದ ನೆಲೆಸಿದ ಕುಟುಂಬಗಳು, ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಹಿಂಜೆವಾಡಿಯ ಸಾಫ್ಟ್‌ವೇರ್ ಕಚೇರಿಗಳ ತರುಣ ತರುಣಿಯರು ಇಲ್ಲಿದ್ದಾರೆ. ಇವರು ಮರಾಠಿಯಲ್ಲಿ ವ್ಯವಹರಿಸಬಲ್ಲರು, ಇಂಗ್ಲಿಷಿನಲ್ಲಿ ಉದ್ಯೋಗ ನಿರ್ವಹಿಸಬಲ್ಲರು. ಆದರೆ ನಿದ್ರೆ ಬಾರದ ರಾತ್ರಿಯಲ್ಲಿ ಮನಸ್ಸು ತಾಯ್ನುಡಿಯನ್ನೇ ಆಡುತ್ತದೆ. ‘ಜೀವಕ್ಕೆ ಬ್ಯಾಸರ ಆಗೇದ’ ಎಂಬ ಮಾತನ್ನು ಬೇರೆ ಭಾಷೆಗೆ ತರುವಾಗ ಅದರ ಭಾರ ತಗ್ಗುತ್ತದೆ. ಆದುದರಿಂದ ಮೊದಲ ಪ್ರಶ್ನೆ: ಸಲಹೆಗಾರರೊಡನೆ ಯಾವ ಭಾಷೆಯಲ್ಲಿ ಮಾತನಾಡಬಹುದು?

ಎರಡನೆಯದು, ಯಾರ ಬಳಿಗೆ ಹೋಗಬೇಕೆಂಬುದು. ಮನೋವೈದ್ಯರು ವೈದ್ಯಕೀಯ ಪದವೀಧರರು. ಅವರು ಔಷಧ ಬರೆದುಕೊಡಬಲ್ಲರು. ಚಿಕಿತ್ಸಾ ಮನೋವಿಜ್ಞಾನಿಗಳು ಮುಖ್ಯವಾಗಿ ಮಾತಿನ ಮೂಲಕ ಚಿಕಿತ್ಸೆ ನೀಡುತ್ತಾರೆ; 1992ರ ಕಾಯಿದೆಯನ್ವಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಇರುತ್ತದೆ. ‘ಆಪ್ತಸಲಹೆಗಾರ’ ಎಂಬ ಹೆಸರನ್ನು ಬೇರೆಬೇರೆ ತರಬೇತಿ ಪಡೆದವರು ಬಳಸುತ್ತಾರೆ. ಅರ್ಹತೆ, ಅನುಭವ ಹಾಗೂ ಶುಲ್ಕವನ್ನು ಮೊದಲ ಭೇಟಿಯಲ್ಲೇ ವಿಚಾರಿಸುವುದು ಅವಿನಯವಲ್ಲ, ವಿವೇಕ.

ಮೂರನೆಯದು ಗೋಪ್ಯತೆ. ‘ಊರಿಗೆ ಸುದ್ದಿ ಮುಟ್ಟಿದರೆ?’ ಎಂಬ ಅಂಜಿಕೆಯೇ ಅನೇಕರನ್ನು ಬಾಗಿಲಿನಿಂದ ಹಿಂದಿರುಗಿಸುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಆದರೆ ಅದಕ್ಕೆ ಮಿತಿಗಳುಂಟು: ಜೀವಕ್ಕೆ ಅಪಾಯವಿದ್ದಾಗ, ಇತರರಿಗೆ ಹಾನಿಯಾಗುವಂತಿದ್ದಾಗ ಅಥವಾ ಸಕ್ಷಮ ಪ್ರಾಧಿಕಾರದ ಆದೇಶವಿದ್ದಾಗ ಅಗತ್ಯವಿರುವಷ್ಟು ಮಾಹಿತಿಯನ್ನು ತಿಳಿಸಬಹುದು. ಈ ಮಿತಿಗಳನ್ನು ಆರಂಭದಲ್ಲೇ ಕೇಳಿ ತಿಳಿದರೆ ಮುಂದೆ ವಿಶ್ವಾಸಭಂಗದ ಪ್ರಸಂಗ ಬಾರದು.

ನಾಲ್ಕನೆಯದು, ನಿರೀಕ್ಷೆ. ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷಗಳದು. ಸಲಹೆಗಾರರು ತೀರ್ಪುಗಾರರಲ್ಲ, ಮದುವೆ, ಉದ್ಯೋಗ, ಆಸ್ತಿಗಳ ನಿರ್ಧಾರವನ್ನು ಅವರು ಮಾಡಿಕೊಡುವುದಿಲ್ಲ, ನಿರ್ಧರಿಸುವ ಶಕ್ತಿಯನ್ನು ಮರಳಿ ಪಡೆಯಲು ನೆರವಾಗುತ್ತಾರೆ. ಹಳೆಯ ನೋವನ್ನು ತೆರೆದಾಗ ಕೆಲವು ದಿನ ದುಃಖ ಹೆಚ್ಚಿದಂತೆ ತೋರಬಹುದು. ಅದನ್ನು ಮುಚ್ಚಿಡದೆ ಮುಂದಿನ ಭೇಟಿಯಲ್ಲಿ ಹೇಳಬೇಕು. ಹಲವು ಭೇಟಿಗಳ ನಂತರವೂ ಹೊಂದಾಣಿಕೆಯಾಗದಿದ್ದರೆ ಬೇರೊಬ್ಬರನ್ನು ಕಾಣುವುದು ತಪ್ಪಲ್ಲ. ಆದರೆ ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು.

ಪುಣೆಯಲ್ಲಿ ಸರ್ಕಾರದ ಸಸೂನ್ ಆಸ್ಪತ್ರೆಯೂ ಯೆರವಡಾದ ಪ್ರಾದೇಶಿಕ ಮಾನಸಿಕ ಆಸ್ಪತ್ರೆಯೂ ಇವೆ. ವ್ಯಸನದಿಂದ ಬಿಡುಗಡೆ ಬಯಸುವವರಿಗೆ 1986ರಲ್ಲಿ ಆರಂಭವಾದ ಮುಕ್ತಾಂಗಣ ಕೇಂದ್ರವಿದೆ. ಕನ್ನಡದಲ್ಲೇ ಮಾತನಾಡಬಯಸುವವರಿಗೆ ದೂರವಾಣಿಯ ದಾರಿಯೂ ಉಂಟು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ, 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಕರೆ ಮಾಡುವವರು ಭಾಷೆಯನ್ನು ಆರಿಸಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಮಾರ್ಗದರ್ಶಿ ಸಂಸ್ಥೆ.

ಸಾಯಬೇಕೆಂಬ ಯೋಚನೆ ಮನಸ್ಸಿಗೆ ಬಂದವರು ಮುಂದಿನ ವಾರದ ಭೇಟಿಗಾಗಿ ಕಾಯಬಾರದು. ಅಂದೇ ಕರೆ ಮಾಡಬೇಕು ಅಥವಾ ಆಸ್ಪತ್ರೆಗೆ ಹೋಗಬೇಕು. ಮನೆಯವರು ಅವರನ್ನು ಒಂಟಿಯಾಗಿ ಬಿಡಬಾರದು. ಜ್ವರಕ್ಕೆ ಮದ್ದು ಕೇಳಲು ನಾಚದ ಸಮಾಜ, ಮನಸ್ಸಿನ ನೋವಿಗೆ ನೆರವು ಕೇಳಲೂ ನಾಚಬೇಕಾಗಿಲ್ಲ.