ಕರಗಿದರಷ್ಟೇ ಸಾಲದು



ಈ ಫಾರ್ಮಸಿ ಸಮ್ಮೇಳನದ ಅಧ್ಯಕ್ಷ ಪೀಠದಿಂದ, ನಮ್ಮ ಕ್ಷೇತ್ರದ ಎಲ್ಲ ಬೆಳವಣಿಗೆಗಳನ್ನು ಪರಿಚಯಿಸುವ ಗೋಜಿಗೆ ಹೋಗದೆ, ಅಮಾರ್ಫಸ್ ಸಾಲಿಡ್ ಡಿಸ್ಪರ್ಷನ್, ಅಂದರೆ ಔಷಧವನ್ನು ಹರಳುಗಟ್ಟದ ರೂಪದಲ್ಲಿ ಪಾಲಿಮರಿನೊಳಗೆ ಹರಡಿಡುವುದು, ಎಂಬ ಒಂದೇ ವಿಷಯ ಹಿಡಿದು ಮಾತಾಡುತ್ತೇನೆ.

ವೆಮುರಫೆನಿಬ್ ಎಂಬ ಔಷಧದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಕೊಡುವ ಮದ್ದು ಅದು. ಮೊದಲ ಹಂತದ ಪರೀಕ್ಷೆಯಲ್ಲಿ ಅದನ್ನು ಸ್ಫಟಿಕ ರೂಪದಲ್ಲಿ ಕೊಟ್ಟರು. ಡೋಸ್ ಏರಿಸುತ್ತ ಹೋದರೂ ಗೆಡ್ಡೆ ಕುಗ್ಗಲಿಲ್ಲ, ಏಕೆಂದರೆ ರಕ್ತಕ್ಕೆ ಸೇರಿದ ಔಷಧವೇ ತೀರ ಕಡಿಮೆಯಿತ್ತು. ಆಗ ಅಣುವನ್ನು ಕೈಬಿಡದೆ ಅದರ ರೂಪ ಬದಲಿಸಲು ಹೊರಟರು. ಅದರ ದ್ರವನಬಿಂದು ಬಹಳ ಎತ್ತರ, ಹಾಗಾಗಿ ಕಾಯಿಸಿ ಬೆರೆಸುವುದು ಕಷ್ಟ. ಸ್ಪ್ರೇ ಡ್ರೈಯಿಂಗ್‌ಗೆ ಬಳಸುವ ಮಾಮೂಲಿ ಸಾಲ್ವೆಂಟ್‌ಗಳಲ್ಲಿ ಸರಿಯಾಗಿ ಕರಗದು. ಕೊನೆಗೆ ಡೈಮೀಥೈಲ್ ಅಸಿಟಮೈಡ್‌ನಲ್ಲಿ ಔಷಧವನ್ನೂ ಎಚ್‌ಪಿಎಂಸಿಎಎಸ್ ಪಾಲಿಮರನ್ನೂ ಕರಗಿಸಿ, ಆ ದ್ರಾವಣವನ್ನು ತಣ್ಣನೆಯ ಆಮ್ಲೀಯ ನೀರಿಗೆ ಬಿಟ್ಟು, ಎರಡೂ ಒಟ್ಟಿಗೇ ಹೊರಬೀಳುವಂತೆ ಮಾಡಿದರು. ಅಣು ಅದೇ, ರೂಪ ಬೇರೆ. ಈ ಬಾರಿ ಗೆಡ್ಡೆಗಳು ಕುಗ್ಗಿದವು. 2011ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಫಾರ್ಮುಲೇಷನ್ ಎಂದರೆ ಕೊನೆಯಲ್ಲಿ ಮಾತ್ರೆ ಒತ್ತುವ ಕೆಲಸ ಎಂದುಕೊಂಡವರಿಗೆ ನಾನು ಇದನ್ನೇ ಹೇಳುವುದು.

ಇದರ ಹಿಂದಿನ ತತ್ವವನ್ನು ನಮ್ಮೂರ ಜಾತ್ರೆಯಲ್ಲೇ ನೋಡಬಹುದು. ಕಲ್ಲುಸಕ್ಕರೆಯೂ ಸಕ್ಕರೆಯೇ, ಬೊಂಬಾಯಿ ಮಿಠಾಯಿಯೂ ಸಕ್ಕರೆಯೇ. ಕಲ್ಲುಸಕ್ಕರೆಯಲ್ಲಿ ಅಣುಗಳು ಸಾಲಾಗಿ, ಬಿಗಿಯಾಗಿ ಜೋಡಿಸಿಕೊಂಡಿವೆ. ಆ ಹಿಡಿತ ಬಿಡಿಸಲು ಶಕ್ತಿ ಬೇಕು. ಮಿಠಾಯಿಯ ಎಳೆಯಲ್ಲಿ ಸಾಲೂ ಇಲ್ಲ, ಬಿಗಿಯೂ ಇಲ್ಲ, ಬಾಯಿಗಿಟ್ಟ ಕೂಡಲೇ ಮಾಯ. ಆದರೆ ತೇವದ ಗಾಳಿಗೆ ಬಿಟ್ಟರೆ ಅದೇ ಮಿಠಾಯಿ ಕುಸಿದು, ಅಂಟಾಗಿ, ಕ್ರಮೇಣ ಹರಳುಗಟ್ಟುತ್ತದೆ. ನೀರಿನಂಶ ಒಳಹೊಕ್ಕು ಗ್ಲಾಸ್ ಟ್ರಾನ್ಸಿಷನ್ ಉಷ್ಣತೆಯನ್ನು, ಅಂದರೆ ಗಾಜಿನಂತೆ ಗಟ್ಟಿಯಾಗಿರುವುದು ಮೆತ್ತಗಾಗುವ ಉಷ್ಣತೆಯನ್ನು, ಇಳಿಸುತ್ತದೆ, ಅಣುಗಳಿಗೆ ಓಡಾಡಲು ಬಿಡುವು ಸಿಗುತ್ತದೆ. ಪಾಲಿಮರಿನ ಕೆಲಸ ಶುರುವಾಗುವುದು ಇಲ್ಲಿ. ಅದು ಆ ಉಷ್ಣತೆಯನ್ನು ಮೇಲಕ್ಕೇರಿಸುತ್ತದೆ, ಹೈಡ್ರೋಜನ್ ಬಂಧಗಳಿಂದ ಔಷಧದ ಅಣುಗಳನ್ನು ಹಿಡಿದಿಡುತ್ತದೆ. ಕರುಳಿಗೆ ಹೋದ ಮೇಲೂ, ಮಿತಿಮೀರಿ ಕರಗಿದ ಔಷಧ ಮತ್ತೆ ಹರಳಾಗದಂತೆ ಸ್ವಲ್ಪ ಹೊತ್ತು ತಡೆಯುತ್ತದೆ. ಆ ಹೊತ್ತಿನಲ್ಲೇ ಔಷಧ ರಕ್ತಕ್ಕೆ ಸೇರಬೇಕು.

1961ರಲ್ಲಿ ಜಪಾನಿನ ಸೆಕಿಗುಚಿ ಮತ್ತು ಒಬಿ ಸಲ್ಫಾಥಯಜೋಲನ್ನು ಯೂರಿಯಾದೊಡನೆ ಕರಗಿಸಿ ಬೆರೆಸಿದಾಗಿನಿಂದ ಸಾಲಿಡ್ ಡಿಸ್ಪರ್ಷನ್‌ನ ವಿಚಾರ ನಮ್ಮ ನಡುವೆ ಇದೆ. ಆದರೂ ಮಾರುಕಟ್ಟೆಗೆ ಬಂದವು ಬಹುಕಾಲ ಬೆರಳೆಣಿಕೆಯಷ್ಟೇ. ಕಾರಣ, ಹರಳಿಗೆ ತಾಳ್ಮೆ ಜಾಸ್ತಿ. ರಿಟೊನವಿರ್ ಇದನ್ನು ಇಡೀ ಲೋಕಕ್ಕೆ ಕಲಿಸಿತು. ಎಚ್‌ಐವಿಗೆ ಕೊಡುವ ಈ ಔಷಧದ ಕ್ಯಾಪ್ಸೂಲ್ 1996ರಲ್ಲಿ ಬಂತು. ಒಳಗಿದ್ದದ್ದು ದ್ರಾವಣವಾದ್ದರಿಂದ ಸ್ಫಟಿಕದ ಚಿಂತೆ ಯಾರಿಗೂ ಇರಲಿಲ್ಲ. 1998ರಲ್ಲಿ, ಅದುವರೆಗೆ ಯಾರೂ ಕಾಣದಿದ್ದ, ಇನ್ನೂ ಕಡಿಮೆ ಕರಗುವ ಎರಡನೇ ಸ್ಫಟಿಕ ರೂಪವೊಂದು ಹುಟ್ಟಿಕೊಂಡು ಕ್ಯಾಪ್ಸೂಲುಗಳು ಡಿಸಲ್ಯೂಷನ್ ಪರೀಕ್ಷೆಯಲ್ಲಿ ಸೋತವು, ಮಾರುಕಟ್ಟೆಯಿಂದ ಹೊರಟವು. ಬಳಿಕ ಬಂದ ಸಾಫ್ಟ್ ಜೆಲ್ ಕ್ಯಾಪ್ಸೂಲನ್ನು ಫ್ರಿಜ್ಜಿನಲ್ಲಿಡಬೇಕಾಗಿತ್ತು.

ಫ್ರಿಜ್ಜಿಲ್ಲದ ಮನೆಯ ರೋಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಲೋಪಿನವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧ ಮತ್ತು ರಿಟೊನವಿರ್ ಎರಡನ್ನೂ ಕೋಪೊವಿಡೋನ್ ಪಾಲಿಮರಿನೊಡನೆ ಕರಗಿಸಿ ಹಾಟ್ ಮೆಲ್ಟ್ ಎಕ್ಸ್‌ಟ್ರೂಷನ್‌ನಿಂದ ಮಾಡಿದ ಮಾತ್ರೆ 2005ರಲ್ಲಿ ಬಂದಾಗ ಫ್ರಿಜ್ಜಿನ ಹಂಗು ತಪ್ಪಿತು. ದಿನಕ್ಕೆ ಈ ಜೋಡಿಯ ಆರು ಕ್ಯಾಪ್ಸೂಲಿದ್ದದ್ದು ನಾಲ್ಕು ಮಾತ್ರೆಗಿಳಿಯಿತು. ನಮ್ಮ ವಿಜ್ಞಾನ ಬಡವರ ಮನೆಗೆ ಇಷ್ಟು ನೇರವಾಗಿ ತಲುಪಿದ ಉದಾಹರಣೆಗಳು ಹೆಚ್ಚಿಲ್ಲ.

ಇನ್ನು ನಮ್ಮ ಫಾರ್ಮಸಿ ಕಾಲೇಜುಗಳ ವಿಷಯ. ಎಂ.ಫಾರ್ಮ್ ಪ್ರಬಂಧಗಳಲ್ಲಿ ಸಾಲಿಡ್ ಡಿಸ್ಪರ್ಷನ್‌ಗೆ ಬರವಿಲ್ಲ. ಔಷಧ, ಪಾಲಿಮರ್ ಬೆರೆಸುತ್ತಾರೆ. ಹರಳನ್ನು ಪತ್ತೆಮಾಡುವ ಎಕ್ಸ್‌ಆರ್‌ಡಿ ಪರೀಕ್ಷೆಯಲ್ಲಿ ಚೂಪು ಶಿಖರಗಳು ಹೋಗಿ ಮಬ್ಬು ದಿಬ್ಬವೊಂದು ಬಂತೆಂದು ತೋರಿಸುತ್ತಾರೆ. ಸೋಡಿಯಂ ಲಾರಿಲ್ ಸಲ್ಫೇಟ್ ಹಾಕಿದ 900 ಮಿ.ಲೀ. ದ್ರವದಲ್ಲಿ ಪೂರ್ತಿ ಕರಗಿತೆಂದು ಬರೆಯುತ್ತಾರೆ. ಅಷ್ಟು ಉದಾರವಾದ ದ್ರವದಲ್ಲಿ ಔಷಧಕ್ಕೆ ಹರಳಾಗುವ ಒತ್ತಡವೇ ಇರುವುದಿಲ್ಲ! ಕರುಳಿನಲ್ಲಿ ಅಂಥ ಸೌಕರ್ಯವಿಲ್ಲ. ಪರೀಕ್ಷೆ ಆದದ್ದೂ ನಿನ್ನೆ ಮಾಡಿದ ಸ್ಯಾಂಪಲ್ಲಿನ ಮೇಲೆ. ಅದೇ ಪುಡಿಯನ್ನು ಜುಲೈ ತಿಂಗಳ ಮಂಗಳೂರಿನಲ್ಲಿ ತೆರೆದ ಪೆಟ್ರಿ ಡಿಶ್‌ನಲ್ಲಿಟ್ಟು ನೋಡಿ. ಪಾಲಿಮರ್ ಪಿವಿಪಿಯಾಗಿದ್ದರೆ ಪುಡಿ ಮುದ್ದೆಯಾಗುತ್ತದೆ, ಸ್ಪ್ಯಾಚುಲಾಗೆ ಮೆತ್ತಿಕೊಳ್ಳುತ್ತದೆ. ಒಂದು ಚಿಟಿಕೆಯನ್ನು ಪೋಲರೈಸಿಂಗ್ ಮೈಕ್ರೋಸ್ಕೋಪಿನಡಿ ಇಟ್ಟರೆ, ಕಪ್ಪಾಗಿರಬೇಕಾದ ನೋಟದಲ್ಲಿ ಅಲ್ಲಲ್ಲಿ ಮಿನುಗುವ ಚುಕ್ಕಿಗಳು ಕಾಣುತ್ತವೆ. ಹರಳು ವಾಪಸ್ಸಾಗಿದೆ ಎಂದರ್ಥ. ಈ ಚುಕ್ಕಿಗಳ ಫೋಟೋ ಹಾಕಿದ ಪ್ರಬಂಧವನ್ನು ವೈಫಲ್ಯವೆಂದು ಎಣಿಸಬೇಡಿ. ಯಾವ ಪಾಲಿಮರ್, ಎಷ್ಟು ತೇವ, ಎಷ್ಟು ದಿನ ಎಂಬ ಲೆಕ್ಕ ಅದರಲ್ಲಿದ್ದರೆ ಅದಕ್ಕೇ ಹೆಚ್ಚು ಅಂಕ ಸಲ್ಲಬೇಕು.

ನನ್ನ ಕೋರಿಕೆಗಳು ಎರಡೇ. ಮಾರ್ಗದರ್ಶಕರು 40 ಡಿಗ್ರಿ, ಶೇ. 75 ತೇವಾಂಶದಲ್ಲಿ ಆರು ತಿಂಗಳಿಟ್ಟ ಸ್ಯಾಂಪಲ್ಲಿನ ಎಕ್ಸ್‌ಆರ್‌ಡಿ ಇಲ್ಲದ ಪ್ರಬಂಧಕ್ಕೆ ಸಹಿ ಹಾಕಬಾರದು. ಅದಕ್ಕೆ ಸ್ಯಾಂಪಲ್ ತಯಾರಿ ಮೊದಲ ಸೆಮಿಸ್ಟರಿನಲ್ಲೇ ಆರಂಭವಾಗಬೇಕು, ವಿಶ್ವವಿದ್ಯಾಲಯ ವೇಳಾಪಟ್ಟಿ ಬದಲಿಸಲೇಬೇಕು. ಎರಡನೆಯದು, ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ ತಯಾರಿಸುವ ಸ್ಟೀರ್‌ನಂಥ ಕಂಪನಿ ಬೆಂಗಳೂರಿನಲ್ಲೇ ಇರುವಾಗ, ಯಂತ್ರವನ್ನು ಚಿತ್ರದಲ್ಲಿ ಮಾತ್ರ ನೋಡಿ ಪಾಸಾಗುವ ವಿದ್ಯಾರ್ಥಿ ನಮ್ಮಲ್ಲಿರಬಾರದು. ಒಂದೊಂದು ಕಾಲೇಜು ಕೊಳ್ಳಲಾಗದಿದ್ದರೆ ಹತ್ತು ಕಾಲೇಜು ಸೇರಿ ಒಂದು ಯಂತ್ರ ಕೊಳ್ಳಲಿ. ಸಂಜೆಯ ಸಭೆಯಲ್ಲಿ ಈ ಎರಡನ್ನೂ ನಿರ್ಣಯವಾಗಿ ಮಂಡಿಸುತ್ತೇನೆ. ಪ್ರಾಂಶುಪಾಲರು ದಯವಿಟ್ಟು ಊಟವಾದ ಮೇಲೆ ಹೊರಟುಬಿಡಬೇಡಿ, ನಿಮ್ಮ ಸಹಿಗಳು ಬೇಕು.